ಛಲ ಒಂದೇ ಸಾಕಿತ್ತಾ?

ಮುಂಬೈ ಕನ್ನಡಿಗರ ಯಾವ ಸಮಾರಂಭಕ್ಕೆ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ. "ನಮ್ಮ ಹಿರಿಯರು ಬರಿಗೈಲಿ ಬಂದರು, ಹೋಟೆಲಲ್ಲಿ ಲೋಟ ತೊಳೆದರು, ಕಷ್ಟಪಟ್ಟು ಮಾಲೀಕರಾದರು. ಈಗಿನ ಹುಡುಗರಿಗೆ ಆ ಛಲ ಇಲ್ಲ." ಮೊದಲರ್ಧ ನಿಜ. ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ.

ಮಾಟುಂಗದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರು ಮಾಡಿದ ಎ. ರಾಮ ನಾಯಕ್ ಅವರಂಥವರು ಎಳೆ ವಯಸ್ಸಿನಲ್ಲೇ ದುಡಿಮೆಗೆ ಇಳಿದವರು. ಆ ಕಷ್ಟ ಸಣ್ಣದಲ್ಲ. ಆದರೆ ಅದರ ಜೊತೆಗೆ ಇನ್ನೇನಿತ್ತು ಅಂತಲೂ ನೋಡಬೇಕು, ಅಲ್ವಾ? ಊರಿನಿಂದ ಬಂದ ಹುಡುಗನಿಗೆ ಹೋಟೆಲಲ್ಲೇ ಊಟ, ಅಲ್ಲೇ ಮಲಗಲು ಜಾಗ. ಕೆಲಸ ಕೊಡಿಸಿದವರು ನೆಂಟರೋ ಊರಿನವರೋ ಆಗಿರುತ್ತಿದ್ದರು. ಟೇಬಲ್ ಒರೆಸುತ್ತಿದ್ದವನು ಸಪ್ಲೈಯರ್ ಆಗುತ್ತಿದ್ದ, ಗಲ್ಲಾದಲ್ಲಿ ಕೂರುತ್ತಿದ್ದ, ಮುಂದೆ ಯಾರದೋ ಹೋಟೆಲನ್ನು ಕಂಡಕ್ಟಿಂಗ್ ಮೇಲೆ, ಅಂದರೆ ಮಾಲೀಕನಿಗೆ ಇಂತಿಷ್ಟು ಅಂತ ಕೊಟ್ಟು ತಾನೇ ನಡೆಸುವ ಕರಾರಿನ ಮೇಲೆ, ಹಿಡಿಯುತ್ತಿದ್ದ. ಅದಕ್ಕೆ ಕೈಸಾಲ ಕೊಟ್ಟವರೂ ಊರಿನವರೇ. ಫೋರ್ಟ್ ಕಡೆ ಕನ್ನಡ ರಾತ್ರಿ ಶಾಲೆಗಳಿದ್ದವು. ಹಗಲು ದುಡಿದು ರಾತ್ರಿ ಓದಿದವರು ಬ್ಯಾಂಕು, ಕಚೇರಿ ಸೇರಿದರು.

ಇಂಥ ಪರಿಚಯ, ನಂಬಿಕೆ, ನೆಂಟಸ್ತಿಕೆಯನ್ನೇ ಫ್ರೆಂಚ್ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ಡ್ಯೂ ಸಾಮಾಜಿಕ ಬಂಡವಾಳ ಅಂದರು. ಜೇಬಿನಲ್ಲಿ ಕಾಸಿಲ್ಲದೆ ಬಂದವರ ಹತ್ತಿರವೂ ಅದು ಇತ್ತು. ಎಲ್ಲರ ಹತ್ತಿರ ಇರಲಿಲ್ಲ. ಜಾತಿ ನೋಡಿ ಅಡುಗೆಮನೆಯೊಳಗೆ ಬಿಡುತ್ತಿದ್ದ ಕಾಲ ಅದು. ಕಲಬುರಗಿ, ವಿಜಯಪುರದಿಂದ ಬಂದು ಬೆಳಿಗ್ಗೆ ಲೇಬರ್ ನಾಕಾದಲ್ಲಿ, ಅಂದರೆ ದಿನಗೂಲಿಗೆ ಕರೆಯುವವರಿಗಾಗಿ ಕಾಯುವ ರಸ್ತೆ ಕೂಡಿನಲ್ಲಿ, ನಿಲ್ಲುವ ಜನರೂ ಕನ್ನಡಿಗರೇ. ನಮ್ಮ ಯಶಸ್ಸಿನ ಕಥೆಯಲ್ಲಿ ಅವರು ಬರುವುದೇ ಇಲ್ಲ. ಇದು ನನಗೆ ತುಂಬಾ ನೋವಿನ ವಿಷಯ.

ಯೂನಿಯನ್ನುಗಳನ್ನೂ ನಾವು ಮರೆತಿದ್ದೇವೆ. ಬಂದರು ಕಾರ್ಮಿಕರನ್ನು ಒಟ್ಟುಗೂಡಿಸಿದ ಪ್ಲಾಸಿಡ್ ಡಿಮೆಲ್ಲೊ ಮಂಗಳೂರು ಕಡೆಯವರು. ಅವರ ಜೊತೆ ಕೆಲಸ ಕಲಿತ ಜಾರ್ಜ್ ಫರ್ನಾಂಡಿಸ್ ಕೂಡ ಮಂಗಳೂರಿನವರು. ಹೋಟೆಲ್, ಟ್ಯಾಕ್ಸಿ, ಮುನ್ಸಿಪಾಲಿಟಿ ಕಾರ್ಮಿಕರ ಪರ ಹೋರಾಡಿದ ಅವರು 1967ರಲ್ಲಿ ದಕ್ಷಿಣ ಮುಂಬೈಯಲ್ಲಿ ಕಾಂಗ್ರೆಸ್ಸಿನ ಘಟಾನುಘಟಿ ಎಸ್.ಕೆ. ಪಾಟೀಲರನ್ನೇ ಲೋಕಸಭೆ ಚುನಾವಣೆಯಲ್ಲಿ ಸೋಲಿಸಿದರು. ಮಾಲೀಕರ ಫೋಟೊಗೆ ಹಾರ ಹಾಕುವ ನಾವು ಇವರನ್ನೂ ನೆನೆಯಬೇಕಿತ್ತು.

1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಮುಂಬೈಯ ಸುಮಾರು ಎರಡೂವರೆ ಲಕ್ಷ ಬಟ್ಟೆ ಗಿರಣಿ ಕಾರ್ಮಿಕರು ಮುಷ್ಕರಕ್ಕೆ ಇಳಿದರು. ಮುಷ್ಕರ ಸೋತಿತು. ಒಂದೊಂದಾಗಿ ಗಿರಣಿಗಳು ಮುಚ್ಚಿದವು. 1991ರ ನಂತರ ಆ ಜಾಗದ ಬೆಲೆ ಅಲ್ಲಿ ನೇಯುವ ಬಟ್ಟೆಗಿಂತ ದೊಡ್ಡದಾಯಿತು. ಫೀನಿಕ್ಸ್ ಮಿಲ್ ಮಾಲ್ ಆಯಿತು, ಕಮಲಾ ಮಿಲ್ ಆಫೀಸು, ಪಬ್ಬುಗಳ ಜಾಗವಾಯಿತು. ಹೊಸ ಕೆಲಸ ಬರಲಿಲ್ಲ ಅಂತ ನಾನು ಹೇಳುವುದಿಲ್ಲ. ಬಂತು, ಜಾಸ್ತಿನೇ ಬಂತು. ಆದರೆ ಲಾಲ್‌ಬಾಗ್, ಪರಳದ ಚಾಳಿನಲ್ಲಿದ್ದ ಗಿರಣಿ ಕಾರ್ಮಿಕನಿಗೆ ಆ ಗಾಜಿನ ಕಟ್ಟಡದಲ್ಲಿ ಸಿಕ್ಕಿದ್ದು ಹೆಚ್ಚೆಂದರೆ ವಾಚ್‌ಮನ್ ಕುರ್ಚಿ.

ಇವತ್ತು ಊರಿನಿಂದ ಬರುವ ಹುಡುಗ ಡೆಲಿವರಿ ಬ್ಯಾಗ್ ಹೊರುತ್ತಾನೆ. ಬೈಕು, ಪೆಟ್ರೋಲು, ಮೊಬೈಲು ಎಲ್ಲ ಅವನದೇ. ರೂಮಿನ ಬಾಡಿಗೆಯೂ ಅವನದೇ. ಎಷ್ಟು ವರ್ಷ ಓಡಿಸಿದರೂ ಅವನು ಅದೇ ಡೆಲಿವರಿ ಹುಡುಗ. ಅಲ್ಲಿಂದ ಗಲ್ಲಾಕ್ಕೆ ದಾರಿಯಿಲ್ಲ. ಹಳೆಯ ಮಾಲೀಕ ಕೆಟ್ಟವನಾಗಿದ್ದರೂ ಕಣ್ಣೆದುರಿಗಿದ್ದ. ಜಗಳ ಆಡಬಹುದಿತ್ತು, ಊರಿನ ಹಿರಿಯರಿಗೆ ದೂರು ಹೇಳಬಹುದಿತ್ತು, ಯೂನಿಯನ್ ಕರೆಸಬಹುದಿತ್ತು. ಈಗ ಒಂದು ಬೆಳಿಗ್ಗೆ ಕಂಪನಿಯ ಆ್ಯಪ್‌ನಲ್ಲಿ ಅವನ ಐಡಿ ಬ್ಲಾಕ್ ಆದರೆ ಯಾರ ಬಾಗಿಲು ತಟ್ಟಬೇಕು? ಅವನ ದುಡಿಮೆಗೆ ಹಣ ಹಾಕಿದವರು ಸಮುದ್ರದಾಚೆ ಇರಬಹುದು. ಅವನ ರೇಟು ನಿರ್ಧರಿಸುವುದು ಒಂದು ಲೆಕ್ಕಾಚಾರದ ಪ್ರೋಗ್ರಾಮ್.

ನೀತಿ ಆಯೋಗದ 2022ರ ವರದಿಯ ಪ್ರಕಾರ 2020-21ರಲ್ಲೇ ಇಂಥ ಗಿಗ್ ಕೆಲಸಗಾರರು, ಅಂದರೆ ಕಾಯಂ ನೌಕರಿಯಿಲ್ಲದೆ ಕೆಲಸಕ್ಕಿಷ್ಟು ಅಂತ ದುಡಿಯುವವರು, ದೇಶದಲ್ಲಿ 77 ಲಕ್ಷ ಇದ್ದರು. 2029-30ಕ್ಕೆ 2.35 ಕೋಟಿ ಆಗುತ್ತಾರೆ ಅಂತ ಅದರ ಅಂದಾಜು. ಇಷ್ಟು ಜನಕ್ಕೂ ಛಲ ಕಮ್ಮಿ ಅಂತ ಹೇಳೋದಾ? ಕರ್ನಾಟಕ 2025ರಲ್ಲಿ ಇವರಿಗಾಗಿ ಕಾಯ್ದೆ ಮಾಡಿದೆ. ಕಂಪನಿಗಳು ಕಲ್ಯಾಣ ನಿಧಿಗೆ ಹಣ ಕಟ್ಟಬೇಕು, ಕೆಲಸದಿಂದ ತೆಗೆದರೆ ಕಾರಣ ಬರೆದು ಕೊಡಬೇಕು. ಜಾರಿಯಾಗುವುದು ಹೇಗೋ ನೋಡಬೇಕು, ಆದರೂ ನಾನು ಇದನ್ನು ಮನಸಾರೆ ಬೆಂಬಲಿಸುತ್ತೇನೆ.

ಕಾಯ್ದೆ ಸರ್ಕಾರದ ಕೆಲಸ. ನಮ್ಮ ಕೈಲಿರುವುದೂ ಇದೆ. ಈ ಊರಿನಲ್ಲಿ ನಮ್ಮವರ ಹೋಟೆಲುಗಳು ಎಷ್ಟೊಂದಿವೆ! ಪಾರ್ಸೆಲ್‌ಗೆ ಕಾಯುವ ಹುಡುಗರಿಗೆ ಒಳಗೆ ಕೂರಲು ಬೆಂಚು, ಕುಡಿಯಲು ನೀರು, ಟಾಯ್ಲೆಟ್ ಕೊಡಿ. ಸಂಘಗಳು ವಿದ್ಯಾರ್ಥಿವೇತನದ ಅರ್ಜಿಯನ್ನು ಅವರಿಗೂ, ನಾಕಾದಲ್ಲಿ ನಿಲ್ಲುವವರ ಮಕ್ಕಳಿಗೂ ತಲುಪಿಸಲಿ. ಇದನ್ನು ಓದುತ್ತಿರುವ ಹೋಟೆಲ್ ಮಾಲೀಕರು, ಸಂಘದ ಪದಾಧಿಕಾರಿಗಳು ಏನು ಮಾಡಬಹುದು ಅಂತ ಕೆಳಗೆ ಬರೆಯಿರಿ. ಓಡಾಟದ ಕೆಲಸಕ್ಕೆ ನಾನು ಬರುತ್ತೇನೆ.