ಆರು ಟನ್ ಅಂತೆ! ಹೊರೋದಾ, ಎಳೆಯೋದಾ?

ಇವತ್ತು ಸಿಂಧನೂರಿನಲ್ಲಿ ಚಹಾ ಕುಡಿಯುತ್ತಾ ನಿಂತಿದ್ದೆ. ಪಕ್ಕದಲ್ಲಿದ್ದ ಹುಡುಗರ ವಾದ ಕೇಳಿ ತಲೆ ಕೆಟ್ಟುಹೋಯಿತು. ಒಬ್ಬ ಫೋನಿನಲ್ಲಿ ಅಮೆರಿಕದ ಪಿಕಪ್ ಫೋರ್ಡ್ ಎಫ್-150 ವಿಡಿಯೋ ತೋರಿಸುತ್ತಿದ್ದ. "ನೋಡಲೇ, ಆರು ಟನ್! ನಮ್ಮ ಬೊಲೆರೊ ಪಿಕಪ್ ಬರೀ 1.7 ಟನ್. ಆಟದ ಸಾಮಾನು." ಉಳಿದವರೆಲ್ಲ ಹೌದೌದು ಅಂದರು. ಬಾಯಿ ಬಿಟ್ಟರೆ ಜಗಳ ಆಗುತ್ತೆ ಅಂತ ಸುಮ್ನೆ ಬಂದೆ. ಗಾಡಿ ವಿಷಯಕ್ಕೆ ನಾನು ಹೇಗಾಡ್ತೀನಿ ಅಂತ ನಿಮಗೆ ಗೊತ್ತಲ್ಲ.

ಅಲ್ರೀ, 1.7 ಟನ್ ಅನ್ನೋದು ಬೊಲೆರೊ ತನ್ನ ಬಾಡಿಯಲ್ಲಿ ಹೊರುವ ಭಾರ. ಆರು ಟನ್ ಅನ್ನೋದು ಆ ಫೋರ್ಡ್ ಹಿಂದೆ ಕಟ್ಟಿಕೊಂಡು ಎಳೆಯುವ ಟ್ರೇಲರ್‌ನ ಭಾರ. ಅದೂ ಸರಿಯಾದ ಎಂಜಿನ್, ಟ್ರೇಲರ್ ಎಳೆಯೋಕೆ ಅಂತಲೇ ಕೊಡುವ ಸರಿಯಾದ ಪ್ಯಾಕೇಜ್ ಇದ್ದರೆ ಮಾತ್ರ. ಅದೇ ಎಫ್-150 ಮೈಮೇಲೆ ಹೊರೋದು ಬಹಳಷ್ಟು ಮಾಡೆಲ್‌ಗಳಲ್ಲಿ ಒಂದು ಟನ್ ಆಸುಪಾಸು, ಇಲ್ಲ ಅದಕ್ಕೂ ಕಡಿಮೆ. ಹೊರುವ ಲೆಕ್ಕಕ್ಕೆ ಬಂದರೆ ನಮ್ಮ ಆಟದ ಸಾಮಾನೇ ಗೆಲ್ಲುತ್ತೆ!

ಇನ್ನು ಆ ಆರು ಟನ್ ಬಂದಿದ್ದಾದರೂ ಹೇಗೆ? ಮೊದಲೆಲ್ಲ ಅಮೆರಿಕದಲ್ಲಿ ಒಂದೊಂದು ಕಂಪನಿ ತನಗೆ ಬೇಕಾದ ಹಾಗೆ ಟೆಸ್ಟ್ ಮಾಡಿ, ತನಗೆ ಬೇಕಾದ ನಂಬರ್ ಹಾಕಿಕೊಳ್ಳುತ್ತಿತ್ತು. 2008ರಲ್ಲಿ ಎಳೆಯುವ ಭಾರ ಅಳೆಯೋಕೆ ಎಲ್ಲರಿಗೂ ಜೆ2807 ಅಂತ ಒಂದೇ ಟೆಸ್ಟ್ ನಿಯಮ ಬಂತು. ಟೊಯೋಟಾ 2011ರ ಮಾಡೆಲ್‌ಗೆ ಒಪ್ಪಿಕೊಂಡಿತು, ಅದರ ಟಂಡ್ರಾ ಪಿಕಪ್‌ನ ನಂಬರ್ ಇಳಿಯಿತು. ಉಳಿದ ದೊಡ್ಡವರು "ನೀನು ಮೊದಲು, ನೀನು ಮೊದಲು" ಅಂತ ವರ್ಷಗಟ್ಟಲೆ ಕಾಲ ತಳ್ಳಿದರು. ಒಳ್ಳೆ ಬೀಗರು!

ಈ ಟೆಸ್ಟ್ ಸುಲಭದ್ದೇನಲ್ಲ. ಅರಿಜೋನಾದ ಡೇವಿಸ್ ಡ್ಯಾಮ್ ಏರು, ಸುಮಾರು 18 ಕಿಲೋಮೀಟರ್. 38 ಡಿಗ್ರಿ ಬಿಸಿಲಿನ ಲೆಕ್ಕ, ಎಸಿ ಫುಲ್, ಟ್ರೇಲರ್ ಹಿಂದೆ, ಗಂಟೆಗೆ 64 ಕಿಲೋಮೀಟರ್‌ಗಿಂತ ವೇಗ ಇಳಿಯಬಾರದು. (38 ಡಿಗ್ರಿ ಅಂದರೆ ರಾಯಚೂರಿನ ಮೇ ತಿಂಗಳಲ್ಲಿ ನಾವು ಸ್ವೆಟರ್ ಹುಡುಕ್ತೀವಿ, ಬಿಡಿ.) ಆದರೆ ಗಾಡಿಯಲ್ಲಿ ಕೂರೋದು ಇಬ್ಬರು, ತಲಾ 68 ಕೆಜಿ. ನಮ್ಮ ಕಡೆ ಪಿಕಪ್ ಮುಂದೆ ನಾಲ್ಕು ಜನ, ಹಿಂದೆ ಇಡೀ ಮದುವೆ ದಿಬ್ಬಣ.

ಅಸಲಿ ಲೆಕ್ಕ ತಪ್ಪೋದು ಗಾಡಿಗೆ ಟ್ರೇಲರ್ ಸಿಕ್ಕಿಸುವ ಹುಕ್ಕಿನಲ್ಲಿ. ಟ್ರೇಲರ್‌ನ ಭಾರದಲ್ಲಿ ಕಡಿಮೆ ಅಂದರೂ ಹತ್ತನೇ ಒಂದು ಪಾಲು ಹುಕ್ಕಿನ ಮೇಲೆ ಕೂರುತ್ತೆ. ಆರು ಟನ್‌ಗೆ 600 ಕೆಜಿ. ಅದು ಗಾಡಿ ಹೊರುವ ಲೆಕ್ಕಕ್ಕೇ ಸೇರುತ್ತೆ. ಮೇಲೆ ಐದು ಜನ, ಅವರ ಲಗೇಜು. ಎಳೆಯುವ ಶಕ್ತಿ ಮುಗಿಯುವ ಮೊದಲೇ ಹೊರುವ ಶಕ್ತಿ ಮುಗಿದಿರುತ್ತೆ. ನಂಬಲ್ವಾ? ಸುಗ್ಗಿಯಲ್ಲಿ ಕಾಲುವೆ ಏರಿ ಹತ್ತುವ ಭತ್ತದ ಟ್ರಾಕ್ಟರ್ ನೋಡಿ. ಚೀಲಗಳನ್ನು ಟ್ರೇಲರ್‌ನ ಮುಂಭಾಗಕ್ಕೇ ಜಾಸ್ತಿ ಒಟ್ಟಿದ್ದರೆ ಭಾರ ಹುಕ್ಕಿನ ಮೇಲೆ ಬಿದ್ದು ಟ್ರಾಕ್ಟರ್‌ನ ಮುಂದಿನ ಗಾಲಿ ನೆಲ ಬಿಟ್ಟು ಏಳುತ್ತೆ. ಸ್ಟೇರಿಂಗ್ ಎಷ್ಟು ತಿರುವಿದರೂ ಗಾಡಿ ತಿರುಗಲ್ಲ. ಡ್ರೈವರ್ ಒಂದೇ ಕಡೆ ಬ್ರೇಕ್ ತುಳಿದು ತಿರುಗಿಸ್ತಾನೆ, ಬಂಪರ್ ಮೇಲೆ ಇಬ್ಬರು ಹಮಾಲರನ್ನು ಹತ್ತಿಸಿಕೊಳ್ತಾನೆ.

"ಅಣ್ಣಾ, ನಾವು 1.7ರ ಗಾಡಿಗೆ ಮೂರು ಟನ್ ಹಾಕಿದ್ರೂ ಏನೂ ಆಗಲ್ಲ" ಅಂತ ಕಾಮೆಂಟ್ ಬರುತ್ತೆ, ಗೊತ್ತು. ಎಳೆಯುತ್ತಪ್ಪಾ, ಎಂಜಿನ್ ಎಳೆಯುತ್ತೆ. ನಿಲ್ಲಿಸೋದು ಯಾರು, ನಿಮ್ಮ ಮನೆದೇವರಾ? ಆಸ್ಟ್ರೇಲಿಯಾದಲ್ಲಿ ಟೊಯೋಟಾದ ಹೈಲಕ್ಸ್ ಪಿಕಪ್ ಎಳೆಯೋದು ಟ್ರೇಲರ್‌ನಲ್ಲಿ ಬ್ರೇಕ್ ಇದ್ದರೆ 3,500 ಕೆಜಿವರೆಗೆ, ಇಲ್ಲದಿದ್ದರೆ 750. ಅದೇ ಗಾಡಿ, ಅದೇ ಎಂಜಿನ್! ನಮ್ಮೂರ ಟ್ರಾಕ್ಟರ್ ಟ್ರೇಲರ್‌ಗಳಲ್ಲಿ ಎಷ್ಟಕ್ಕೆ ಬ್ರೇಕ್ ಇದೆ, ಯಾರಾದರೂ ಎದೆ ಮುಟ್ಟಿ ಹೇಳಿ.

ಹಾಗಂತ ನನಗೆ ಎಫ್-150 ಬೇಡ ಅಂತಲ್ಲ. ಸಿಕ್ಕರೆ ಬಿಡ್ತೀನಾ, ಮನೆ ಮುಂದೆ ನಿಲ್ಲಿಸಿಕೊಂಡು ದಿನಾ ಒರೆಸ್ತೀನಿ. ಆದರೆ ಅಲ್ಲಿನ ಗಾಡಿಗಳಲ್ಲಿ ಡ್ರೈವರ್ ಬಾಗಿಲು ತೆಗೆದರೆ ಒಂದು ಸ್ಟಿಕರ್ ಕಾಣುತ್ತೆ. ಜನ, ಸಾಮಾನು ಎಲ್ಲಾ ಸೇರಿ ಇಷ್ಟು ಕೆಜಿ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತೆ. ಇನ್ನು ಮುಂದೆ ನನಗೆ ಟೋಯಿಂಗ್ ವಿಡಿಯೋ ಕಳಿಸುವವರು ಆ ಸ್ಟಿಕರ್ ಫೋಟೋನೂ ಜೊತೆಗೆ ಕಳಿಸಿ. ಇಲ್ಲಾಂದ್ರೆ ನಾನು ಉತ್ತರ ಕೊಡಲ್ಲ.