ರೆಂಬೋ ಇನ್ನೂ ಸೆಳೆಯುವುದು ಬರಹದಿಂದಲೋ, ಬದುಕಿನ ಕತೆಯಿಂದಲೋ?

ಪರ: ಬರಹವೇ ಸಾಕು

ಪ್ರಳಯ ಈಗಷ್ಟೇ ಇಳಿದಿದೆ. ಹುಲ್ಲಿನ ನಡುವೆ ಒಂದು ಮೊಲ ನಿಂತು, ಜೇಡರಬಲೆಯ ಮೂಲಕ ಕಾಮನಬಿಲ್ಲಿಗೆ ಪ್ರಾರ್ಥನೆ ಸಲ್ಲಿಸುತ್ತದೆ. ಆಮೇಲೆ ಕೊಳಕು ಬೀದಿಯಲ್ಲಿ ಅಂಗಡಿಗಳು ಏಳುತ್ತವೆ. ಕಸಾಯಿಖಾನೆಯಲ್ಲಿ ರಕ್ತ ಹರಿಯುತ್ತದೆ. ಯಾರೋ ಒಬ್ಬಾಕೆ ಆಲ್ಪ್ಸ್ ಬೆಟ್ಟದಲ್ಲಿ ಪಿಯಾನೋ ಇಡಿಸುತ್ತಾಳೆ. ಎಲ್ಲ ಮತ್ತೆ ಹಳೆಯ ಹಾಗೇ ಆಯಿತಲ್ಲ ಎಂದು ಬೇಸತ್ತ ಕವಿ ಇನ್ನೊಂದು ಪ್ರಳಯವನ್ನು ಕರೆಯುತ್ತಾನೆ. ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಕವಿ ಆರ್ಥರ್ ರೆಂಬೋನ ಗದ್ಯಕವಿತೆಗಳ ಸಂಕಲನ 'ಇಲ್ಯುಮಿನೇಷನ್ಸ್' ಶುರುವಾಗುವುದು ಹೀಗೆ.

ಇದನ್ನು ಓದಿ ಬೆರಗಾಗಲು ಬರೆದವನ ವಯಸ್ಸು ಗೊತ್ತಿರಬೇಕೇ? ಅವನು ಯಾರ ಜೊತೆ ಜಗಳ ಮಾಡಿದ ಎಂದು ತಿಳಿದಿರಬೇಕೇ? ಆ ಪಿಯಾನೋ ನಿಮ್ಮ ತಲೆಯಿಂದ ಹೋಗುವುದಿಲ್ಲ, ಅಷ್ಟೇ.

ಫ್ರೆಂಚ್ ಕಾವ್ಯದ ಹನ್ನೆರಡು ಉಚ್ಚಾರಾಂಶಗಳ ಸಾಲು, ಪ್ರಾಸ, ಅಳತೆ, ಎಲ್ಲವನ್ನೂ ರೆಂಬೋ ಶಾಲೆಯಲ್ಲೇ ಅರೆದು ಕುಡಿದಿದ್ದ. ಬರಲಿಲ್ಲವೆಂದು ಬಿಟ್ಟವನಲ್ಲ. ಗದ್ಯಕ್ಕೆ ಬಂದ ಮೇಲೆ ಅವನು ಮಾಡಿದ ದೊಡ್ಡ ಕೆಲಸವೆಂದರೆ ಹೋಲಿಕೆಯ ಆಸರೆಯನ್ನು ಕಿತ್ತುಹಾಕಿದ್ದು. ನಗರ ಕನಸಿನ ಹಾಗೆ ಇತ್ತು ಎನ್ನುವುದಿಲ್ಲ. ನೇರವಾಗಿ ಸೇತುವೆ ಕಟ್ಟುತ್ತಾನೆ, ಆಕಾಶವನ್ನು ಸ್ಫಟಿಕವಾಗಿಸುತ್ತಾನೆ. ನಾವು ಒಳಗೆ ಹೋದ ಮೇಲೆ ನೆಲ ಇಲ್ಲವೆಂದು ತಿಳಿಯುತ್ತದೆ. ವಚನಗಳನ್ನು ಕೇಳಿ ಬೆಳೆದ ನಮಗೆ ಗದ್ಯದಲ್ಲಿ ಕಾವ್ಯವಿರುವುದು ಹೊಸದೇನಲ್ಲ. ಆದರೆ ಈ ನಡೆ ಬೇರೆ.

ಕತೆಯಿಂದಲೇ ಹೆಸರು ಎನ್ನುವವರಿಗೆ ನಾನು ಫ್ರೆಂಚ್ ಕವಿ ಅಲೋಷಿಯಸ್ ಬೆರ್ತ್ರಾಂನನ್ನು ತೋರಿಸುತ್ತೇನೆ. ಬಡವ, ರೋಗಿ. 1841ರಲ್ಲಿ ತೀರಿಕೊಂಡ. ಅವನ ಗದ್ಯಕವಿತೆಗಳ ಪುಸ್ತಕ 'ಗಾಸ್ಪಾರ್ ದ ಲಾ ನುಯಿ' ಬಂದದ್ದು ಮರುವರ್ಷ, ಹೆಚ್ಚು ಜನ ಕೊಳ್ಳಲಿಲ್ಲ. ರೆಂಬೋನ ಕತೆಯ ಹಾಗೆ ಬಂದೂಕಿಲ್ಲ, ಹಗರಣವಿಲ್ಲ. ಆದರೂ ಕವಿ ಬೋದಿಲೇರ್ ಅದನ್ನು ಮತ್ತೆ ಮತ್ತೆ ಓದಿ, ತನ್ನ ಗದ್ಯಕವಿತೆಗಳಿಗೆ ಅಲ್ಲಿಂದಲೇ ದಾರಿ ಸಿಕ್ಕಿತೆಂದು ಹೇಳಿಕೊಂಡ. 1908ರಲ್ಲಿ ಸಂಗೀತ ರಚನೆಕಾರ ರವೇಲ್ ಅದರ ಮೂರು ತುಣುಕುಗಳನ್ನು ಹಿಡಿದು ಪಿಯಾನೋ ಕೃತಿ ಬರೆದ. ಅದರಲ್ಲಿ 'ಸ್ಕಾರ್ಬೋ' ಎಂಬ ಕುಬ್ಜ ಭೂತದ ಭಾಗಕ್ಕೆ ನುರಿತ ಕೈಗಳೂ ಇಂದಿಗೂ ಹೆದರುತ್ತವೆ. ಸತ್ತವನ ಹೆಸರೇ ಗೊತ್ತಿಲ್ಲದವರು ಅವನ ಕುಬ್ಜ ಭೂತವನ್ನು ಕೇಳುತ್ತಾ ಕೂತಿದ್ದಾರೆ. ಇದಕ್ಕಿಂತ ಪುರಾವೆ ಬೇಕೇ?

1886ರಲ್ಲಿ 'ಲಾ ವೋಗ್' ಪತ್ರಿಕೆಯಲ್ಲಿ 'ಇಲ್ಯುಮಿನೇಷನ್ಸ್' ಅಚ್ಚಾದಾಗ ರೆಂಬೋ ಆಫ್ರಿಕಾದಲ್ಲಿ ವ್ಯಾಪಾರ ಮಾಡುತ್ತಿದ್ದ. ಪ್ರಚಾರಕ್ಕೆ ಬರುವುದಿರಲಿ, ಕವಿತೆಯ ಮಾತೇ ಅವನಿಗೆ ಬೇಡವಾಗಿತ್ತು. ಆ ಪುಟಗಳು ಒಂಟಿಯಾಗಿಯೇ ನಡೆದು ಬಂದವು. ಇದೆಲ್ಲ ಹುಡುಗರ ಹುಚ್ಚು, ಟೀ ಶರ್ಟ್ ಮೇಲಿನ ಮುಖ ಎನ್ನುವವರು ಟೀ ಶರ್ಟ್ ಮಾತ್ರ ನೋಡಿದವರು. ಅವರಿಗೆ ಉತ್ತರ ಕೊಡುವುದು ದಂಡ. 'ಬೆಳಗು' ಎಂಬ ಒಂದು ಪುಟ ಓದಲಿ. ಬೇಸಿಗೆಯ ಮುಂಜಾವಿನ ಹಿಂದೆ ಓಡುವ ಹುಡುಗ ಅದನ್ನು ಕೊನೆಗೂ ಹಿಡಿದು ತಬ್ಬಿಕೊಳ್ಳುತ್ತಾನೆ. ಎಚ್ಚರವಾದಾಗ ನಡುಮಧ್ಯಾಹ್ನ.

ವಿರೋಧ: ಕತೆಯೇ ಜಾಸ್ತಿ

ಸಂಪಾದಕರು ಈ ಕಡೆ ಯಾರೂ ಸಿಗಲಿಲ್ಲ, ನೀವೇ ಬರೆಯಿರಿ ಎಂದರು. ಸರಿ, ಬರೆಯುತ್ತೇನೆ. ಎದುರಿನವರು ವಚನದ ಮಾತು ಎತ್ತಿಯೇ ಎತ್ತಿರುತ್ತಾರೆ, ಅದು ನಮ್ಮಲ್ಲಿ ವಾಡಿಕೆ. ಅದನ್ನು ಬಿಟ್ಟುಬಿಡೋಣ.

2016ರಲ್ಲಿ ಪ್ಯಾರಿಸ್‌ನ ಹರಾಜಿನಲ್ಲಿ ಒಂದು ರಿವಾಲ್ವರ್ 4,34,500 ಯೂರೋಗೆ ಹೋಯಿತು. 1873ರ ಜುಲೈ 10ರಂದು ಬ್ರಸೆಲ್ಸ್‌ನಲ್ಲಿ ಕವಿ ವರ್ಲೇನ್ ಕುಡಿದ ಅಮಲಿನಲ್ಲಿ ರೆಂಬೋನ ಮಣಿಕಟ್ಟಿಗೆ ಗುಂಡು ಹೊಡೆದದ್ದು ಅದರಿಂದಲೇ ಎಂದು ಮಾರಿದರು. ಜನರಿಗೆ ಏನು ಬೇಕು ಎಂಬುದು ಇಲ್ಲೇ ಗೊತ್ತಾಗುತ್ತದೆ ಅಲ್ವಾ? ಇಪ್ಪತ್ತೊಂದರ ಆಸುಪಾಸಿನಲ್ಲಿ ಕವಿತೆ ಬಿಟ್ಟ, ಇಥಿಯೋಪಿಯಾದ ಹರಾರ್‌ನಲ್ಲಿ ಕಾಫಿ ವ್ಯಾಪಾರ, ದೊರೆ ಮೆನೆಲಿಕ್‌ಗೆ ಬಂದೂಕು ಮಾರಾಟ, ಕಾಲು ಕತ್ತರಿಸಿದ್ದು, 37ಕ್ಕೆ ಸಾವು. ಇಷ್ಟು ಸರಕಿದ್ದರೆ ಕವಿತೆ ಓದಲೇಬೇಕೆಂದಿಲ್ಲ.

ನಮ್ಮ ಗೆಳೆಯರ ಓದಿನ ಕೂಟದಲ್ಲಿ ಒಮ್ಮೆ 'ಇಲ್ಯುಮಿನೇಷನ್ಸ್' ಇಟ್ಟುಕೊಂಡಿದ್ದೆವು. 'ನಗರಗಳು' ಎಂಬುದನ್ನು ಓದುವ ಸರದಿ ನನ್ನದು. ಅರ್ಧಕ್ಕೆ ಬಂದಾಗ ಚಕ್ಕುಲಿ ಬಂತು. ಮುಂದೆ ಓದಿ ಎಂದು ಯಾರೂ ಕೇಳಲಿಲ್ಲ. ಮಾತು ಗುಂಡೇಟಿಗೆ ಹೋಯಿತು, ಅಲ್ಲಿಂದ ಹರಾರ್‌ಗೆ. ಮೂಡಿಗೆರೆ ಕಡೆಯ ತೋಟದ ಹಿರಿಯರೊಬ್ಬರು ಅಲ್ಲಿಯವರೆಗೆ ತೂಕಡಿಸುತ್ತಿದ್ದವರು, ಕಾಫಿ ಎಂದ ಕೂಡಲೇ ಎದ್ದು ಕೂತರು. "ಅಲ್ಲಿ ತಿರುಳು ತೆಗೆದು ಪಾರ್ಚ್‌ಮೆಂಟ್ ಮಾಡ್ತಿದ್ರಾ, ಇಲ್ಲ ಇಡೀ ಹಣ್ಣನ್ನೇ ಚೆರಿಯಾಗಿ ಒಣಗಿಸ್ತಿದ್ರಾ?" ಎಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಉಳಿದ ಸಂಜೆಯೆಲ್ಲ ಕಾಫಿ ರೇಟು, ಮಳೆ, ಕಾಂಡಕೊರಕ. ನಿಜ ಹೇಳಬೇಕೆಂದರೆ ಒಳ್ಳೆಯ ಸಂಜೆ. ಹೊರಡುವಾಗ ಅವರು "ನಿಮ್ಮ ಕವಿ ಪಾಪ, ಸರಿಯಾದ ಪಾಲುದಾರರು ಸಿಕ್ಕಿರಲಿಲ್ಲ" ಎಂದರು. ರೆಂಬೋ ಬಗ್ಗೆ ಅಂದು ಬಂದ ಒಂದೇ ವಿಮರ್ಶೆ ಅದು.

ಕವಿತೆಗಳಲ್ಲಿ ಎರಡು ಮೂರು ಚೆನ್ನಾಗಿವೆ, ಇಲ್ಲವೆನ್ನುವುದಿಲ್ಲ. ಉಳಿದವು ಸುಮ್ನೆ ಮಿಂಚಿ ಹೋಗುತ್ತವೆ. ಅವುಗಳ ಕ್ರಮವನ್ನೂ ಅವನು ನಿಂತು ಗೊತ್ತುಮಾಡಲಿಲ್ಲ, ಅಚ್ಚು ಹಾಕಿಸಿದವರು ಜೋಡಿಸಿದರು. ಬೆರ್ತ್ರಾಂ ಇದ್ದಾನಲ್ಲ ಎನ್ನುತ್ತೀರಾ? ಅವನನ್ನು ಪೂರ್ತಿ ಓದಿದ ಒಬ್ಬರನ್ನು ಕರೆತನ್ನಿ, ಆಮೇಲೆ ಮಾತಾಡೋಣ.

ಫ್ರೆಂಚ್ ಗದ್ಯಕವಿತೆಯೇ ಬೇಕು ಎಂದವರಿಗೆ ನಾನು ಬೋದಿಲೇರನನ್ನು ಕೊಡುತ್ತೇನೆ. ಅವನ ಪದ್ಯಗಳನ್ನು ಲಂಕೇಶ್ ಕನ್ನಡಕ್ಕೆ ತಂದಿದ್ದಾರೆ. ಸತ್ತ ಮೇಲೆ, 1869ರಲ್ಲಿ ಬಂದ ಅವನ ಐವತ್ತು ಗದ್ಯ ತುಣುಕುಗಳಲ್ಲಿ ಪ್ಯಾರಿಸ್‌ನ ಗಾಜು ಮಾರುವವನಿದ್ದಾನೆ, ಸಂತೆಯಲ್ಲಿ ಮೂಲೆಗೆ ಬಿದ್ದ ಮುದಿ ಕೋಡಂಗಿ ಇದ್ದಾನೆ, ಹೊಸ ಕಾಫಿ ಅಂಗಡಿಯ ದೀಪಗಳನ್ನು ಬೀದಿಯಿಂದ ನೋಡುವ ಬಡ ಮಕ್ಕಳಿದ್ದಾರೆ. ಅದನ್ನು ವಿರೋಧಿಸಿ ಬರೆಯಿರಿ ಎಂದಿದ್ದರೆ ಸಂಪಾದಕರು ಇನ್ನೊಬ್ಬರನ್ನು ಹುಡುಕಬೇಕಾಗುತ್ತಿತ್ತು.