ಸ್ಕೇಲ್ ಇಟ್ಟು ಮ್ಯಾಡಿಸನ್‌ನಲ್ಲಿ ಮನೆ ಹಿಡೀಬೇಡಿ

ಮತ್ತೆ ಅದೇ ಕಥೆ. ಅಮೆರಿಕದ ಮ್ಯಾಡಿಸನ್‌ಗೆ ಓದೋಕೆ ಹೊರಟ ಹುಡುಗರಿಗೆ ಯಾರೋ ಪುಣ್ಯಾತ್ಮರು ಗ್ರೂಪಲ್ಲಿ ಉಪದೇಶ ಕೊಟ್ಟಿದ್ದಾರೆ: "ಚಿಕ್ಕ ಊರು, ಎಲ್ಲಿ ಮನೆ ಹಿಡಿದರೂ ಹತ್ತು ನಿಮಿಷ." ಜೊತೆಗೆ ನಕ್ಷೆ ಮೇಲೊಂದು ಕೆಂಪು ಗೆರೆ. ಆ ಗೆರೆ ಸೀದಾ ಮೆಂಡೋಟಾ ಕೆರೆ ನಡುವೆ ಹೋಗಿದೆ! ಅಡ್ಮಿಷನ್ ಜೊತೆ ದೋಣಿನೂ ಕೊಡ್ತಾರೇನೋ. ನಕ್ಷೆ ವಿಷಯಕ್ಕೆ ಬಂದರೆ ನನ್ನ ಬಾಯಿಗೆ ಬೀಗ ಇಲ್ಲ ಅಂತ ನಿಮಗೆ ಗೊತ್ತೇ ಇದೆ, ಸಹಿಸಿಕೊಳ್ಳಿ.

ವಿಸ್ಕಾನ್ಸಿನ್‌ನ ಈ ರಾಜಧಾನಿಯ ನಡುಭಾಗ ಇರೋದು ಎರಡು ಕೆರೆಗಳ ನಡುವಿನ ಇಸ್ತಮಸ್, ಅಂದರೆ ಕಿರಿದಾದ ನೆಲದ ಪಟ್ಟಿ ಮೇಲೆ. ವಾಯವ್ಯಕ್ಕೆ ಸುಮಾರು 40 ಚದರ ಕಿಲೋಮೀಟರ್‌ನ ಮೆಂಡೋಟಾ, ಆಗ್ನೇಯಕ್ಕೆ ಅದಕ್ಕಿಂತ ಚಿಕ್ಕ ಮೊನೋನಾ. ಕಿರಿದಾದ ಕಡೆ ಈ ಪಟ್ಟಿ ಹೆಚ್ಚುಕಮ್ಮಿ ಒಂದು ಕಿಲೋಮೀಟರ್ ಅಗಲ, ಅಷ್ಟೇ. ಈಸ್ಟ್ ವಾಷಿಂಗ್ಟನ್ ರಸ್ತೆ, ಜಾನ್ಸನ್–ಗೋರಮ್ ಒನ್‌ವೇ ಜೋಡಿ, ಮೊನೋನಾ ದಡದ ಜಾನ್ ನೋಲನ್: ಊರಿನ ಪೂರ್ವ–ಪಶ್ಚಿಮದ ಗಾಡಿಗಳೆಲ್ಲ ಇವುಗಳಲ್ಲೇ ನುಗ್ಗಬೇಕು. ಬೇಡ ಅಂದರೆ ಮೊನೋನಾ ದಕ್ಷಿಣಕ್ಕಿರೋ ಬೆಲ್ಟ್‌ಲೈನ್ ಹೆದ್ದಾರಿ ಸುತ್ತಿ. ಮೆಂಡೋಟಾದ ಈಶಾನ್ಯ ದಡದ ವಾರ್ನರ್ ಪಾರ್ಕ್ ಹತ್ತಿರ ಬಾಡಿಗೆ ಕಮ್ಮಿ ಅಂತ ಹಿಡಿದವರು ಯೂನಿವರ್ಸಿಟಿ ಆಸ್ಪತ್ರೆಗೆ ಹೋಗಬೇಕಾದರೆ ಕೆರೆಯಾಚೆ ಕಾಣೋ ದಡಕ್ಕೆ ಇಡೀ ಇಸ್ತಮಸ್ ದಾಟಿ ಬರಬೇಕು.

"ಗೂಗಲ್ ಮ್ಯಾಪ್ ಇದೆಯಲ್ಲ ಸಾರ್" ಅಂತೀರಿ. ಇದೆ. ಆಗಸ್ಟ್ 15ರಿಂದ ಒಂದು ವರ್ಷದ ಲೀಸ್‌ಗೆ ಸಹಿ ಹಾಕಿದ ಮೇಲೆ ಅದು ತುಂಬ ಸರಿಯಾಗೇ ದಾರಿ ತೋರಿಸುತ್ತೆ.

ದಿಕ್ಕನ್ನೂ ನಂಬಬೇಡಿ. ರಸ್ತೆಗಳೆಲ್ಲ ಇಸ್ತಮಸ್ ಜೊತೆ ವಾಲಿಕೊಂಡಿವೆ, ಹಾಗಾಗಿ ಈಸ್ಟ್ ವಾಷಿಂಗ್ಟನ್ ಹೋಗೋದು ಈಶಾನ್ಯಕ್ಕೆ. ಗುಡ್ಡದ ಮೇಲಿನ ಕ್ಯಾಪಿಟಲ್ (ರಾಜ್ಯದ ಶಾಸನಸಭೆ ಕಟ್ಟಡ) ಗುಮ್ಮಟವನ್ನೇ ಗುರುತಾಗಿ ಇಟ್ಕೊಳ್ಳಿ. ಅದರ ಸುತ್ತ ಒಂದು ಮೈಲಿಯೊಳಗೆ ಗುಮ್ಮಟದ ಕಂಬಗಳ ಬುಡಕ್ಕಿಂತ ಎತ್ತರ ಕಟ್ಟೋ ಹಾಗಿಲ್ಲ ಅಂತ ಕಾನೂನೇ ಇದೆ. ಅಲ್ಲಿಂದ ಸ್ಟೇಟ್ ಸ್ಟ್ರೀಟ್ ಪಶ್ಚಿಮಕ್ಕೆ ಇಳಿದರೆ ಯೂನಿವರ್ಸಿಟಿ.

ಪೂರ್ವದ ಕಡೆ ಬೇಸ್‌ಮೆಂಟ್ ಮನೆ ಅಗ್ಗಕ್ಕೆ ಸಿಕ್ಕರೆ ಹಿಗ್ಗಬೇಡಿ. ಕ್ಯಾಪಿಟಲ್‌ಗೂ ಯಹಾರಾ ನದಿಗೂ ನಡುವಿನ ತಗ್ಗು ಒಂದು ಕಾಲದ ಜೌಗು, ಮಣ್ಣು ತುಂಬಿ ಊರು ಮಾಡಿದ್ದು. ಯಹಾರಾ ಮೆಂಡೋಟಾದಿಂದ ಮೊನೋನಾಕ್ಕೆ ಬೀಳೋದು ಟೆನಿ ಪಾರ್ಕ್ ಅಣೆಕಟ್ಟಿನ ಗೇಟ್ ದಾಟಿ; ಮೇಲಿನ ಕೆರೆ ಐದಡಿಯಷ್ಟು ಎತ್ತರದಲ್ಲಿದೆ. ಮೊನೋನಾದಿಂದ ಮುಂದೆ ಇಳಿಜಾರು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ಸಾಲದ್ದಕ್ಕೆ ನದಿ ತುಂಬ ಜೊಂಡು. ಗೇಟ್ ತೆಗೆದರೆ ಮೊನೋನಾ ಉಕ್ಕುತ್ತೆ, ಮುಚ್ಚಿದರೆ ಮೆಂಡೋಟಾ. 2018ರ ಆಗಸ್ಟ್‌ನಲ್ಲಿ ಪಶ್ಚಿಮಕ್ಕೆ ಒಂದೇ ದಿನ ಸುರಿದ ಮಳೆ ಇಳಿದು ಹೋಗೋಕೆ ವಾರಗಳೇ ಬೇಕಾದವು. ನೆಲಮಾಳಿಗೆಗೆ ಬಂದ ನೀರನ್ನ ಹೊರಹಾಕೋ ಸಂಪ್ ಪಂಪ್ ಇದೆಯಾ, ಕರೆಂಟ್ ಹೋದರೆ ಬ್ಯಾಟರಿ ಮೇಲೆ ಓಡುತ್ತಾ, ಗೋಡೆ ಬುಡದಲ್ಲಿ ನೀರು ಒಸರಿದ ಗುರುತಾದ ಬಿಳಿ ಉಪ್ಪಿನ ಗೆರೆ ಎದ್ದಿದೆಯಾ, ನೋಡಿ. ಗೆರೆ ಕಂಡರೆ ಚಾವಿ ವಾಪಸ್ ಕೊಟ್ಟು ಬನ್ನಿ.

ಚಳಿಗಾಲದಲ್ಲಿ ಐಸ್ ಮೇಲೇ ಅಡ್ಡ ಹೊಡೀಬಹುದು ಅಂತ ಕಾಮೆಂಟ್ ಹಾಕೋ ಜಾಣರಿಗೆ: ನಡೆಯೋಕೆ ಕನಿಷ್ಠ 4 ಇಂಚು ಗಟ್ಟಿ ಸ್ವಚ್ಛ ಐಸ್ ಬೇಕು, ಯಹಾರಾ ಸೇರೋ ಬಾಯಿಗಳಲ್ಲಿ ಹರಿವಿನಿಂದ ಅದು ತೆಳ್ಳಗೇ ಇರುತ್ತೆ. ಮೆಂಡೋಟಾ ಆಳ ಜಾಸ್ತಿ, ಮೊನೋನಾಗಿಂತ ತಡವಾಗೇ ಹೆಪ್ಪುಗಟ್ಟೋದು. ಸೆಮಿಸ್ಟರ್ ಅಷ್ಟು ದಿನ ಕಾಯಲ್ಲ.

2024ರಲ್ಲಿ ಶುರುವಾದ ರ‍್ಯಾಪಿಡ್ ರೂಟ್ ಎ ಬಸ್ ಇಸ್ತಮಸ್ ಉದ್ದಕ್ಕೂ ಓಡುತ್ತೆ. ಅದರ ನಿಲ್ದಾಣಕ್ಕೆ ಜನವರಿಯಲ್ಲೂ ನಡ್ಕೊಂಡು ಹೋಗೋಷ್ಟು ಹತ್ತಿರ ಮನೆ ಹುಡುಕಿ.